ನೋಡೋ ಕಾಲ ಬ್ಯಾರೆ, ರುಚಿ ನೋಡೋ ಕಾಲ ಬ್ಯಾರೆ: ಮೀನುಮರಿ ಕೇಂದ್ರ, ಕಾಡು, ವೈನರಿ ಸುತ್ತುವವರಿಗೆ ಐನಾಪುರ ಭಾಗದ ಕೈಪಿಡಿ

ಐನಾಪುರ (ಚಿಂಚೋಳಿ ತಾಲೂಕು): ಬೆಳಗ್ಗೆ ಮೀನುಮರಿ ಉತ್ಪಾದನಾ ಕೇಂದ್ರ ನೋಡೋದು, ಮಧ್ಯಾಹ್ನ ಕಾಡು, ನೀರಿನ ದಂಡೆ ಸುತ್ತೋದು, ಸಂಜೆ ದ್ರಾಕ್ಷಿ ತೋಟದಲ್ಲಿ ಕೂತು ವೈನ್ ರುಚಿ ನೋಡೋದು. ಇಂಥ ಪ್ರವಾಸದ ಕಲ್ಪನೆ ಹೊರದೇಶಗಳಿಂದ ಬಂದದ್ದು. ಐನಾಪುರ, ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಭಾಗದವರು ಇದನ್ನ ಮಾಡಬಹುದಾ ಅಂದ್ರೆ, ಮಾಡಬಹುದು. ಆದರೆ ಒಂದೇ ದಿನದಲ್ಲಿ ಅಲ್ಲ, ಒಂದೇ ಹಂಗಾಮಿನಲ್ಲೂ ಅಲ್ಲ.

ಕಾರಣ ಸರಳ. ಈ ಭಾಗದಲ್ಲಿ ಮೀನು ಮೊಟ್ಟೆ ಇಡೋದು ಮಿರಗದ ಮಳೆ ಬಿದ್ದ ಮೇಲೆ. ದ್ರಾಕ್ಷಿ ಹಣ್ಣಾಗೋದು ಶಿವರಾತ್ರಿ ಆಸುಪಾಸಿನಲ್ಲಿ. ಇವೆರಡರ ನಡುವೆ ಏಳೆಂಟು ತಿಂಗಳ ಅಂತರ ಇದೆ. ಇದು ಗೊತ್ತಿಲ್ಲದೆ ಹೊರಟವರಿಗೆ ಒಂದು ಕಡೆ ಖಾಲಿ ಸಿಮೆಂಟ್ ತೊಟ್ಟಿ, ಇನ್ನೊಂದು ಕಡೆ ಎಲೆ ಉದುರಿದ ಬಳ್ಳಿ ಕಾಣಿಸುತ್ತದೆ. ಕಾಲ ನೋಡಿ ಹೊರಟರೆ ಎರಡು ಒಳ್ಳೆಯ ಪ್ರವಾಸ ಆಗುತ್ತವೆ: ಮಳೆಗಾಲದಲ್ಲಿ ಕಣ್ಣಿಗೆ, ಬೇಸಿಗೆ ಆರಂಭದಲ್ಲಿ ನಾಲಿಗೆಗೆ.

ಹೊರದೇಶದಲ್ಲಿ ಒಂದೇ ದಿನ ಹೇಗೆ ಸಾಧ್ಯ?

ಅಮೆರಿಕದ ವಾಷಿಂಗ್ಟನ್ ರಾಜ್ಯದ ಲೆವನ್‌ವರ್ತ್ ಊರು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಕೊಲಂಬಿಯಾ ನದಿಗೆ ಗ್ರ್ಯಾಂಡ್ ಕೂಲಿ ಅಣೆಕಟ್ಟು ಕಟ್ಟಿದಾಗ ಸಮುದ್ರದಿಂದ ಮೊಟ್ಟೆ ಇಡಲು ಮೇಲಕ್ಕೆ ಬರುತ್ತಿದ್ದ ಸಾಲ್ಮನ್ ಮೀನಿನ ದಾರಿಯೇ ಮುಚ್ಚಿಹೋಯಿತು. ಆ ನಷ್ಟ ತುಂಬಿಕೊಡಲು 1940ರ ಆಸುಪಾಸಿನಲ್ಲಿ ಅಲ್ಲೊಂದು ದೊಡ್ಡ ಸರ್ಕಾರಿ ಮೀನುಮರಿ ಕೇಂದ್ರ ಕಟ್ಟಿದರು. ಇವತ್ತು ಅದೇ ಕೇಂದ್ರ ಪ್ರವಾಸಿಗರು ನೋಡುವ ಜಾಗ. ಸೆಪ್ಟೆಂಬರ್‌ನಲ್ಲಿ ಸಾಲ್ಮನ್ ಹಬ್ಬ ನಡೆಯುತ್ತದೆ. ಅದೇ ಹೊತ್ತಿಗೆ ಆ ರಾಜ್ಯದಲ್ಲಿ ದ್ರಾಕ್ಷಿ ಕೊಯ್ಲು ಶುರುವಾಗಿರುತ್ತದೆ, ಊರಿನ ವೈನ್ ಅಂಗಡಿಗಳಲ್ಲಿ ರುಚಿ ನೋಡುವವರ ಸಾಲು ಇರುತ್ತದೆ. ಮೀನಿನ ಕಾಲ, ಹಣ್ಣಿನ ಕಾಲ ಎರಡೂ ಅಲ್ಲಿ ಒಂದೇ ಋತುವಿಗೆ ಬೀಳುವುದರಿಂದ ಒಂದೇ ದಿನದಲ್ಲಿ ಎರಡನ್ನೂ ನೋಡಬಹುದು.

ಇಲ್ಲಿನ ಮೀನು ಬೇರೆ, ಮಳೆಯ ಲೆಕ್ಕ ಬೇರೆ. ಆದರೆ ಒಂದು ಸಂಗತಿ ಎರಡೂ ಕಡೆ ಒಂದೇ: ನದಿಗೆ ಅಡ್ಡಗಟ್ಟೆ ಬಂದ ಮೇಲೆ ಮೀನಿಗೆ ಮನುಷ್ಯರೇ ಮರಿ ಮಾಡಿಕೊಡಬೇಕಾಯಿತು.

ಕೆರೆಯಲ್ಲಿ ಮೀನು ತಾನೇ ಮರಿ ಹಾಕೋದಿಲ್ಲವಾ?

ಎಲ್ಲ ಮೀನೂ ಹಾಕೋದಿಲ್ಲ. ಸಂತೆಯಲ್ಲಿ ಹೆಚ್ಚು ಮಾರಾಟವಾಗುವ ಕಾಟ್ಲಾ, ರೋಹು, ಮೃಗಾಲ ಈ ಮೂರೂ ಗೆಂಡೆ ಜಾತಿಯವು. ಇವು ನದಿಯ ಮೀನುಗಳು. ಹೊಸ ಮಳೆಯ ಕೆಂಪು ನೀರು ಹರಿದು ಬಂದಾಗ, ಆ ಹರಿವಿನಲ್ಲೇ ಮೊಟ್ಟೆ ಬಿಡುತ್ತವೆ. ನಿಂತ ನೀರಿನ ಕೆರೆಯಲ್ಲಿ ಹೊಟ್ಟೆ ತುಂಬ ತತ್ತಿ ಕಟ್ಟಿಕೊಂಡಿದ್ದರೂ ಬಿಡುವುದಿಲ್ಲ, ಅದು ಅಲ್ಲೇ ಕರಗಿ ಹೋಗುತ್ತದೆ. ಹಾಗಾಗಿ ಪ್ರತಿ ವರ್ಷ ಕೆರೆಗೆ ಹೊರಗಿನಿಂದ ಮರಿ ತಂದು ಬಿಡಲೇಬೇಕು.

ಸಾಮಾನ್ಯ ಗೆಂಡೆಯ ಕಥೆ ಬೇರೆ. ಅದು ನಿಂತ ನೀರಿನಲ್ಲೂ ಮೊಟ್ಟೆ ಇಟ್ಟು, ಜೊಂಡು, ಪಾಚಿಗೆ ಅಂಟಿಸುತ್ತದೆ. ಕೊರಮೀನು ಅಥವಾ ಕುಚ್ಚು ಮೀನು ಕೂಡ ಕೆರೆಯಲ್ಲೇ ಮರಿ ಮಾಡಿ, ತಂದೆ ತಾಯಿ ಎರಡೂ ಕಾವಲು ಕಾಯುತ್ತವೆ.

ಹಿಂದೆ ಗೆಂಡೆ ಮರಿ ಬೇಕೆಂದರೆ ನದಿಯಲ್ಲಿ ಬಲೆ ಹಾಕಿ ಹಿಡಿಯಬೇಕಿತ್ತು. ಒಳ್ಳೆಯ ಮರಿಯ ಜೊತೆ ಬೇಡದ ಮರಿಯೂ ಬರುತ್ತಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಗೆಂಡೆ ಮೀನಿಗೆ ಪಿಟ್ಯುಟರಿ ಗ್ರಂಥಿಯ ರಸದ ಚುಚ್ಚುಮದ್ದು ಕೊಟ್ಟು, ನಿಂತ ನೀರಿನಲ್ಲೇ ಮೊಟ್ಟೆ ಬಿಡಿಸಿ ತೋರಿಸಿದರು. ಪ್ರತಿ ವರ್ಷ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನ ಎಂದು ಆಚರಿಸುವುದು ಅದಕ್ಕೇ. ಇವತ್ತು ದೇಶದ ಯಾವ ಗೆಂಡೆ ಮರಿ ಕೇಂದ್ರಕ್ಕೆ ಹೋದರೂ ನಡೆಯೋದು ಇದೇ ವಿದ್ಯೆಯ ಸುಧಾರಿಸಿದ ರೂಪ.

ಮರಿ ಕೇಂದ್ರದೊಳಗೆ ಏನೇನು ನೋಡಬೇಕು?

ಮೊದಲು ತಾಯಿ ಮೀನಿನ ಹೊಂಡ. ಎರಡು ವರ್ಷ ದಾಟಿದ, ಆರೋಗ್ಯದ ಗಂಡು ಹೆಣ್ಣು ಮೀನುಗಳನ್ನು ಬೇಸಿಗೆಯಿಂದಲೇ ಇಲ್ಲಿ ಸಾಕುತ್ತಾರೆ. ತಿನ್ನಲು ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿ. ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಹಿಂಡಿ ಅಲ್ಲ, ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ.

ಎರಡನೆಯದು ದುಂಡನೆಯ ತೊಟ್ಟಿ. ಇದು ಚೀನಾ ಮಾದರಿ. ತೊಟ್ಟಿಯ ಅಂಚಿನಲ್ಲಿ ಓರೆಯಾಗಿ ಕೂರಿಸಿದ ನಳಗಳಿಂದ ನೀರು ಚಿಮ್ಮಿ, ಒಳಗಿನ ನೀರು ಸುತ್ತು ತಿರುಗುತ್ತದೆ. ನದಿಯ ಹರಿವು ಇಲ್ಲಿ ಗಿರಕಿ ಹೊಡೆಯುತ್ತದೆ ಅಂದರೆ ತಪ್ಪಿಲ್ಲ. ಸಂಜೆ ಹೊತ್ತಿಗೆ ಮೀನಿನ ತೂಕ ನೋಡಿ ಚುಚ್ಚುಮದ್ದು ಕೊಟ್ಟು ಬಿಡುತ್ತಾರೆ. ಸಾಮಾನ್ಯವಾಗಿ ಒಂದು ಹೆಣ್ಣಿಗೆ ಎರಡು ಗಂಡು. 8ರಿಂದ 12 ಗಂಟೆಯೊಳಗೆ, ಅಂದರೆ ಬೆಳಗಿನ ಜಾವಕ್ಕೆ, ಮೊಟ್ಟೆ ಬಿದ್ದಿರುತ್ತದೆ. ಒಂದು ಕಿಲೋ ತೂಕದ ತಾಯಿಗೆ ಒಂದರಿಂದ ಎರಡು ಲಕ್ಷ ಮೊಟ್ಟೆ.

ಮೂರನೆಯದು ಮೊಟ್ಟೆ ಒಡೆಯುವ ತೊಟ್ಟಿ. ಫಲಿತ ಮೊಟ್ಟೆ ನೀರು ಕುಡಿದು ಉಬ್ಬಿ ಸಾಬೂದಾನಿಯ ಹಾಗೆ ಪಾರದರ್ಶಕವಾಗಿ ಕಾಣುತ್ತದೆ. ಸತ್ತ ಮೊಟ್ಟೆ ಹಾಲಿನಂತೆ ಬೆಳ್ಳಗಾಗುತ್ತದೆ. ಮಕ್ಕಳಿಗೂ ಒಂದು ನೋಟಕ್ಕೆ ಗೊತ್ತಾಗುವ ವ್ಯತ್ಯಾಸ ಇದು. 14ರಿಂದ 18 ಗಂಟೆಯಲ್ಲಿ ಮರಿ ಹೊರಬರುತ್ತದೆ. ಮೊದಲ ಮೂರು ದಿನ ಬಾಯಿಲ್ಲದ ಈ ಜೀವ ಹೊಟ್ಟೆಗೆ ಅಂಟಿಕೊಂಡಿರುವ ಹಳದಿ ಚೀಲವನ್ನೇ ಬುತ್ತಿ ಮಾಡಿಕೊಂಡು ಬದುಕುತ್ತದೆ. ನಾಲ್ಕನೇ ದಿನ ಹೊರಗಿನ ಆಹಾರ ಬೇಕು.

ಈ ಹಂತದ ಮರಿಗೆ ಸ್ಪಾನ್ ಎನ್ನುತ್ತಾರೆ. ಇದನ್ನು ಎಣಿಸುವುದು ಅಳತೆ ಬಟ್ಟಲಿನಿಂದ: ಒಂದು ಮಿಲಿ ಲೀಟರ್‌ಗೆ ಸುಮಾರು 500 ಮರಿ. ಮುಂದೆ 15ರಿಂದ 20 ದಿನ ಸಾಕಿದರೆ ಒಂದು ಇಂಚಿನ ಫ್ರೈ, ಎರಡು ಮೂರು ತಿಂಗಳು ಸಾಕಿದರೆ ಬೆರಳುದ್ದದ ಫಿಂಗರ್‌ಲಿಂಗ್. ಮೊದಲ ಹಂತದಲ್ಲೇ ಅರ್ಧಕ್ಕಿಂತ ಹೆಚ್ಚು ಮರಿ ಸಾಯುವುದುಂಟು. ಕಪ್ಪೆ ಮರಿ, ನೀರು ತಿಗಣೆ, ಬೇರೆ ಮೀನು, ಎಲ್ಲಕ್ಕೂ ಇದು ತುತ್ತು. ಒಂದು ಕಿಲೋ ಮೀನು ತಟ್ಟೆಗೆ ಬರುವ ಮುನ್ನ ಎಷ್ಟು ಮರಿ ಹೋಗಿವೆ ಅನ್ನೋದು ಇಲ್ಲಿ ಅರ್ಥವಾಗುತ್ತದೆ.

ನೋಡಲು ಎಲ್ಲಿಗೆ ಹೋಗಬೇಕು?

ನೆರೆಯ ವಿಜಯಪುರದ ಭೂತನಾಳದಲ್ಲಿ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಇದು ಬೀದರ್‌ನಲ್ಲಿ ಕೇಂದ್ರ ಕಚೇರಿ ಇರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಇದೇ ವಿಶ್ವವಿದ್ಯಾಲಯದ ಇನ್ನೊಂದು ಕೇಂದ್ರ ಬೆಂಗಳೂರು ಸಮೀಪದ ಹೆಸರಘಟ್ಟದಲ್ಲಿದೆ. ಹಂಗೇರಿ ದೇಶದಿಂದ ಬಂದ, ಬೇಗ ಬೆಳೆಯುವ ಅಮೂರ್ ಗೆಂಡೆ ತಳಿಯನ್ನು ರಾಜ್ಯದ ರೈತರಿಗೆ ಪರಿಚಯಿಸಿದ ಹೆಸರು ಹೆಸರಘಟ್ಟದ್ದು. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಬಳಿ ತುಂಗಭದ್ರಾ ಮಂಡಳಿಯ ಮೀನುಮರಿ ಕ್ಷೇತ್ರ ಇದೆ.

ಇವು ಕೆಲಸ ಮಾಡುವ ಜಾಗಗಳು, ಉದ್ಯಾನಗಳಲ್ಲ. ಮೊದಲೇ ಫೋನ್ ಮಾಡಿ, ಶಾಲೆ ಅಥವಾ ರೈತ ಗುಂಪಿನ ಹೆಸರಲ್ಲಿ ಅನುಮತಿ ಕೇಳಿಕೊಂಡು ಹೋಗೋದು ಒಳ್ಳೆಯದು. ಬೆಳಗ್ಗೆ 9ರೊಳಗೆ ಮುಟ್ಟಿದರೆ ರಾತ್ರಿ ಬಿದ್ದ ಮೊಟ್ಟೆ ಕಾಣಿಸುತ್ತದೆ. ತೊಟ್ಟಿಯ ನೀರಿಗೆ ಕೈ ಹಾಕಬಾರದು. ಕೈಗೆ ಹಚ್ಚಿದ ಸೋಪು, ಎಣ್ಣೆ, ಸೊಳ್ಳೆ ಔಷಧ ಎಳೆಯ ಮರಿಗೆ ವಿಷ.

ಅಷ್ಟು ದೂರ ಹೋಗಲಾಗದವರು ಕಲಬುರಗಿ ಅಥವಾ ತಾಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಒಂದೇ ಪ್ರಶ್ನೆ ಕೇಳಿದರೆ ಸಾಕು: ಹತ್ತಿರದ ಕೆರೆಗೆ ಮರಿ ಬಿಡೋದು ಯಾವತ್ತು? ಆ ದಿನ ದಂಡೆಯಲ್ಲಿ ನಿಂತರೆ ಅರ್ಧ ಪಾಠ ಅಲ್ಲೇ ಆಗುತ್ತದೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳು ಬರುತ್ತವೆ, ಮೂರನೇ ಒಂದು ಭಾಗ ಮಾತ್ರ ನೀರು. ಬಂದ ಕೂಡಲೇ ಬಾಯಿ ಬಿಚ್ಚಿ ಸುರಿಯುವುದಿಲ್ಲ. ಚೀಲವನ್ನು ಕಾಲು ಗಂಟೆ ಕೆರೆಯಲ್ಲೇ ತೇಲಿಬಿಟ್ಟು, ಒಳಗಿನ ನೀರು ಹೊರಗಿನ ನೀರಿನ ಬಿಸಿಗೆ ಹೊಂದಿದ ಮೇಲೆ ನಿಧಾನ ಬಾಯಿ ಬಿಚ್ಚುತ್ತಾರೆ. ಮರಿಗಳು ತಾವೇ ಈಜಿ ಹೊರಗೆ ಹೋಗಬೇಕು. ಜಲಾಶಯಕ್ಕೆ ಬೆರಳುದ್ದದ ಮರಿಯನ್ನೇ ಬಿಡಬೇಕು ಎನ್ನುವುದಕ್ಕೂ ಕಾರಣ ಇದೆ: ಅದಕ್ಕಿಂತ ಸಣ್ಣದನ್ನು ಕೊರಮೀನಿನಂಥ ಬೇಟೆ ಮೀನುಗಳು ಒಂದೇ ವಾರದಲ್ಲಿ ಮುಗಿಸಿಬಿಡುತ್ತವೆ.

ಮೊದಲ ಪ್ರವಾಸ: ಮಳೆಗಾಲದ ಚಿಂಚೋಳಿ

ಜೂನ್‌ನಲ್ಲಿ ಮೊಟ್ಟೆಯಾದ ಮರಿ ಬೆರಳುದ್ದ ಆಗುವ ಹೊತ್ತಿಗೆ ಆಗಸ್ಟ್, ಸೆಪ್ಟೆಂಬರ್ ಬಂದಿರುತ್ತದೆ. ಅಷ್ಟರಲ್ಲಿ ಚಿಂಚೋಳಿ ಕಾಡು ಹಸಿರಾಗಿ, ಹಳ್ಳ ತುಂಬಿ, ಜಲಾಶಯಗಳಿಗೆ ನೀರು ಬಂದಿರುತ್ತದೆ. ಶ್ರಾವಣದಿಂದ ದಸರಾವರೆಗಿನ ಈ ಎರಡು ತಿಂಗಳು ಐನಾಪುರ ಭಾಗದ ನಿಜವಾದ ಪ್ರವಾಸದ ಹಂಗಾಮು. ಶ್ರಾವಣದಲ್ಲಿ ಬಹಳ ಮನೆಗಳಲ್ಲಿ ಮೀನು, ಮಾಂಸ ಮುಟ್ಟೋದಿಲ್ಲ. ಇದು ನೋಡುವ ಪ್ರವಾಸ ಆದ್ದರಿಂದ ತಿನ್ನದವರಿಗೂ ಅಡ್ಡಿಯಿಲ್ಲ.

ಚಿಂಚೋಳಿ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ 134.88 ಚದರ ಕಿಲೋಮೀಟರ್. ಬಿಸಿಲು ನಾಡಿನಲ್ಲಿ ಇಷ್ಟು ದಟ್ಟ ಕಾಡು ಇದೆ ಎಂದರೆ ಹೊರಗಿನವರು ನಂಬೋದಿಲ್ಲ. ನಾಲ್ಕು ಕೊಂಬಿನ ಕೊಂಡಕುರಿ, ಕತ್ತೆಕಿರುಬ, ತೋಳ, ನರಿ ಇಲ್ಲಿವೆ. ಧಾಮದೊಳಗಿನ ಚಂದ್ರಂಪಳ್ಳಿ ಜಲಾಶಯದ ಸುತ್ತ ಗುಡ್ಡ, ನಡುವೆ ನೀರು. ಇಲ್ಲಿನ ಹಳ್ಳಗಳ ನೀರು ಮುಲ್ಲಾಮಾರಿ ಸೇರಿ, ಮುಲ್ಲಾಮಾರಿ ಕಾಗಿಣಾ ಸೇರಿ, ಕಾಗಿಣಾ ಭೀಮೆಗೆ ಹೋಗುತ್ತದೆ. ನಾಗರಾಳ ಬಳಿಯ ಕೆಳದಂಡೆ ಮುಲ್ಲಾಮಾರಿ ಜಲಾಶಯವೂ ಇದೇ ತಾಲೂಕಿನದು.

ಎತ್ತಿಪೋತ ಜಲಪಾತ ನೋಡಲು ಇದೇ ಕಾಲ. ಆಂಧ್ರದ ನಾಗಾರ್ಜುನಸಾಗರ ಹತ್ತಿರದ ಎತ್ತಿಪೋತಲ ಬೇರೆ, ಚಿಂಚೋಳಿಯದು ಬೇರೆ. ಮೊಬೈಲ್ ನಕ್ಷೆ ನಂಬಿ ಹೊರಡುವವರು ಇದನ್ನು ಗಮನಿಸಬೇಕು. ಐನಾಪುರಕ್ಕೂ ಇದೇ ತೊಂದರೆ: ಬೆಳಗಾವಿ ಜಿಲ್ಲೆ ಕಾಗವಾಡ ತಾಲೂಕಿನಲ್ಲೂ ಒಂದು ಐನಾಪುರ ಇದೆ, ಕೃಷ್ಣಾ ನದಿಯ ಕಡೆ, ದ್ರಾಕ್ಷಿ ಬೆಳೆಯುವ ಸೀಮೆ. ದ್ರಾಕ್ಷಿ ಹುಡುಕಿಕೊಂಡು ಚಿಂಚೋಳಿಯ ಐನಾಪುರಕ್ಕೆ ಬಂದರೆ ಸಿಗೋದು ತೊಗರಿ ಹೊಲ. 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲಬುರಗಿ ತೊಗರಿ ಬೆಳೆಯುವ ನೆಲ ಇದು.

ಧಾಮದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮದ್ಯ, ಬೆಂಕಿ, ಜೋರು ಹಾಡು ಮೂರೂ ಬೇಡ. ವೈನ್ ರುಚಿ ನೋಡುವ ಆಸೆ ಇದ್ದವರು ಬಾಟಲಿಯನ್ನು ಕಾಡಿಗೆ ತರೋದಲ್ಲ, ತಾವೇ ದ್ರಾಕ್ಷಿ ತೋಟಕ್ಕೆ ಹೋಗಬೇಕು. ಜಲಪಾತದ ಪಾಚಿ ಕಲ್ಲು ಮತ್ತು ಜಲಾಶಯದ ಕೆಸರು ದಂಡೆ ನೋಡಲು ಸಾಧು, ಕಾಲಿಟ್ಟರೆ ಅಪಾಯ. ಮೇಲೆ ಮಳೆ ಸುರಿದರೆ ಹಳ್ಳದ ನೀರು ನಿಮಿಷದಲ್ಲಿ ಏರುತ್ತದೆ. ಈಜು ಬರುತ್ತದೆ ಎನ್ನುವವರೂ ಇಳಿಯಬಾರದು.

ಮಿರಗದ ಮೀನು: ತಿನ್ನುವ ಮುನ್ನ ಒಂದು ಮಾತು

ಜೂನ್ 7–8ರ ಸುಮಾರಿಗೆ ಮೃಗಶಿರಾ ಮಳೆ ಹುಟ್ಟುತ್ತದೆ. ಆ ದಿನ ಮೀನು ತಿನ್ನಬೇಕು ಎನ್ನುವ ರೂಢಿ ತೆಲಂಗಾಣದಲ್ಲಿ ಬಲವಾಗಿದೆ, ಗಡಿಯ ಈಚೆಗೂ ಉಂಟು. ಹೈದರಾಬಾದ್‌ನ ನಾಂಪಲ್ಲಿ ಮೈದಾನದಲ್ಲಿ ಅಸ್ತಮಾ ಇದ್ದವರಿಗೆ ಬತ್ತಿನಿ ಮನೆತನದವರು ಜೀವಂತ ಮೀನುಮರಿಯ ಬಾಯಲ್ಲಿ ಮದ್ದಿಟ್ಟು ನುಂಗಿಸುವುದೂ ಇದೇ ದಿನ. ಅದರಿಂದ ರೋಗ ವಾಸಿಯಾಗುತ್ತದೆ ಎನ್ನಲು ವೈದ್ಯಕೀಯ ಆಧಾರ ಇಲ್ಲ, ಆದರೂ ಜನ ಹೋಗುತ್ತಾರೆ.

ಮೀನಿನ ಕಡೆಯಿಂದ ನೋಡಿದರೆ ಈ ದಿನ ಬಹಳ ಸೂಕ್ಷ್ಮ. ಹೊಟ್ಟೆಯಲ್ಲಿ ತತ್ತಿ ತುಂಬಿಕೊಂಡ ತಾಯಿ ಮೀನು ಹೊಸ ನೀರಿಗೆ ಎದುರಾಗಿ ಹಳ್ಳ ಏರುವ ಹೊತ್ತು ಅದು. ಹಳ್ಳದ ಬಾಯಿಗೆ ಬಲೆ ಕಟ್ಟಿ ಅದನ್ನೇ ಹಿಡಿದರೆ ಒಂದು ಮೀನಲ್ಲ, ಲಕ್ಷ ಮರಿ ಹೋದ ಹಾಗೆ. ರೂಢಿ ಬಿಡಬೇಕಿಲ್ಲ. ಸಾಕಿದ ಹೊಂಡದ ಮೀನು ಕೊಂಡು ತಿಂದರೆ ರೂಢಿಯೂ ಉಳಿಯಿತು, ಹಳ್ಳದ ಮೀನೂ ಉಳಿಯಿತು.

ಎರಡನೇ ಪ್ರವಾಸ: ಶಿವರಾತ್ರಿಯಿಂದ ಯುಗಾದಿ

ಮರಿ ಬಿಟ್ಟ ಕೆರೆಯಲ್ಲಿ ನೀರು ಇಳಿದು, ಮೀನು ತೂಕಕ್ಕೆ ಬಂದು, ಬಲೆ ಬೀಳುವುದು ಫೆಬ್ರುವರಿಯಿಂದ ಮೇ ನಡುವೆ. ದ್ರಾಕ್ಷಿ ಹಣ್ಣಾಗುವುದೂ ಅದೇ ಹೊತ್ತಿಗೆ. ಮೊಟ್ಟೆಯ ಕಾಲದಲ್ಲಿ ಕೂಡದ ಇವೆರಡೂ ರುಚಿಯ ಕಾಲದಲ್ಲಿ ಕೂಡುತ್ತವೆ.

ಉತ್ತರ ಕರ್ನಾಟಕದ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಎರಡು ಸಲ ಬಳ್ಳಿ ಕತ್ತರಿಸುತ್ತಾರೆ: ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ. ಏಪ್ರಿಲ್‌ನದು ಕಡ್ಡಿ ಬಲಿಯಲು, ಅಕ್ಟೋಬರ್‌ನದು ಹಣ್ಣು ಕಟ್ಟಲು. ಅಕ್ಟೋಬರ್ ಚಾಟನಿ ಆಗಿ ನಾಲ್ಕು ತಿಂಗಳಿಗೆ ಕೊಯ್ಲು. ರಾಜ್ಯದಲ್ಲಿ ದ್ರಾಕ್ಷಿಗೆ ಹೆಸರಾದ ವಿಜಯಪುರ ಜಿಲ್ಲೆಯಲ್ಲಿ ಹೆಚ್ಚಿನ ಹಣ್ಣು ಹೋಗುವುದು ವೈನ್‌ಗಲ್ಲ, ಒಣದ್ರಾಕ್ಷಿಗೆ. ಹಣ್ಣನ್ನು ಅದ್ದುವ ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್‌ನ ಬಲೆಗಳ ಮೇಲೆ ಎರಡು ವಾರ ಹರಡುತ್ತಾರೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ಮದ್ಯ ಬೇಡ ಎನ್ನುವವರಿಗೆ ಇದೇ ಸರಿಯಾದ ರುಚಿ: ಬೆಳಗ್ಗೆ ಭೂತನಾಳ, ಮಧ್ಯಾಹ್ನ ಪರಿಚಯದ ರೈತರ ದ್ರಾಕ್ಷಿ ಶೆಡ್.

ವೈನರಿ ಎಲ್ಲೆಲ್ಲಿವೆ?

ವೈನ್ ದ್ರಾಕ್ಷಿ ತಿನ್ನುವ ದ್ರಾಕ್ಷಿ ಅಲ್ಲ. ಕಾಳು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಕೆಂಪು ವೈನ್‌ಗೆ ರಸವನ್ನು ಸಿಪ್ಪೆ ಸಮೇತ ಹುಳಿ ಬರಿಸುತ್ತಾರೆ, ಬಣ್ಣ ಬರುವುದು ಸಿಪ್ಪೆಯಿಂದಲೇ. ಬಿಳಿ ವೈನ್‌ಗೆ ಮೊದಲೇ ರಸ ಹಿಂಡಿ ಸಿಪ್ಪೆ ಬೇರೆ ಮಾಡುತ್ತಾರೆ.

ಕರ್ನಾಟಕದಲ್ಲಿ ಈ ಉದ್ಯಮಕ್ಕೆ ದಾರಿ ತೋರಿದ್ದು ನಂದಿ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರ ಕಡೆ 1988ರಲ್ಲಿ ಶುರುವಾದ ಗ್ರೋವರ್ ದ್ರಾಕ್ಷಿ ತೋಟ. 2007ರಲ್ಲಿ ಸರ್ಕಾರ ದ್ರಾಕ್ಷಾರಸ ನೀತಿ ತಂದು, ಅದಕ್ಕೊಂದು ಮಂಡಳಿಯನ್ನೂ ಮಾಡಿತು. ಕೊಪ್ಪಳ ಜಿಲ್ಲೆಯಲ್ಲಿ ಹಂಪಿ ಹೆಸರು ಹೊತ್ತ ಕೃಷ್ಮಾ ಎಸ್ಟೇಟ್ಸ್ ಇದೆ. ಬೆಂಗಳೂರು–ಮೈಸೂರು ದಾರಿಯ ಚನ್ನಪಟ್ಟಣದ ಬಳಿಯೂ ವೈನರಿ ಇದೆ. ಬೆಂಗಳೂರಿನಲ್ಲಿ ನೆಂಟರಿದ್ದವರಿಗೆ ಹೆಸರಘಟ್ಟ ಮತ್ತು ದೊಡ್ಡಬಳ್ಳಾಪುರ ಒಂದೇ ದಿಕ್ಕಿನಲ್ಲಿ ಬೀಳುತ್ತವೆ.

ಕಲಬುರಗಿ ಜಿಲ್ಲೆಯವರಿಗೆ ಇವೆಲ್ಲ ದೂರ. ಕೈಗೆ ಹತ್ತಿರ ಇರೋದು ನೆರೆಯ ಸೊಲ್ಲಾಪುರ ಜಿಲ್ಲೆಯ ಅಕಲೂಜ್ ಸೀಮೆ. ಅಲ್ಲಿನ ಮೋಟೆವಾಡಿಯಲ್ಲಿ ಫ್ರಾಟೆಲ್ಲಿ ವೈನರಿ ಇದೆ. ಇಟಲಿ ಭಾಷೆಯಲ್ಲಿ ಫ್ರಾಟೆಲ್ಲಿ ಎಂದರೆ ಅಣ್ಣತಮ್ಮಂದಿರು. ಇಟಲಿ ಮತ್ತು ಭಾರತದ ಮೂರು ಮನೆತನದವರು ಸೇರಿ 2007ರ ಸುಮಾರಿಗೆ ಕಟ್ಟಿದ್ದು. ತೋಟ ಸುತ್ತಿಸಿ, ವೈನ್ ರುಚಿ ತೋರಿಸುವ ವ್ಯವಸ್ಥೆ ಇದೆ, ಮೊದಲೇ ಬುಕ್ ಮಾಡಬೇಕು.

ಇದರ ಜೊತೆಗೆ ನೀರು, ಮೀನು, ಹಕ್ಕಿ ಮೂರೂ ಅದೇ ದಿಕ್ಕಿನಲ್ಲಿ ಸಿಗುತ್ತವೆ. ಭೀಮೆಗೆ ಕಟ್ಟಿದ ಉಜನಿ ಜಲಾಶಯದ ಹಿನ್ನೀರಿನ ಭಿಗವಣದಲ್ಲಿ ಚಳಿಗಾಲದಿಂದ ಬೇಸಿಗೆ ಆರಂಭದವರೆಗೆ ರಾಜಹಂಸಗಳು ಬಂದಿಳಿಯುತ್ತವೆ. ಮೀನುಗಾರರೇ ತಮ್ಮ ದೋಣಿಯಲ್ಲಿ ಹಕ್ಕಿ ತೋರಿಸಲು ಕರೆದೊಯ್ಯುತ್ತಾರೆ, ದಂಡೆಯ ಊಟದ ಮನೆಗಳಲ್ಲಿ ಅಲ್ಲಿನದೇ ಮೀನು. ಮುಂಜಾನೆ ಬಲೆ ಎಳೆದ ಕೈಗೆ ಹಗಲಿನಲ್ಲಿ ಹಕ್ಕಿ ನೋಡುವವರಿಂದ ಇನ್ನೊಂದು ದುಡಿಮೆ. ಐನಾಪುರ ಭಾಗದವರು ಅಲ್ಲಿ ಗಮನಿಸಿ ಬರಬೇಕಾದ್ದು ಇದನ್ನೇ. ಇದೇ ಭೀಮಾ ನದಿ ಕೆಳಗೆ ಕಲಬುರಗಿ ಜಿಲ್ಲೆಗೆ ಇಳಿದು, ಕಾಗಿಣೆಯ ಮೂಲಕ ಚಿಂಚೋಳಿಯ ನೀರನ್ನೂ ಸೇರಿಸಿಕೊಳ್ಳುತ್ತದೆ.

ದಾರಿ: ವಾಡಿ, ಶಹಾಬಾದ್, ಕಲಬುರಗಿಯಿಂದ ಸೊಲ್ಲಾಪುರ, ಕುರ್ಡುವಾಡಿ, ದೌಂಡ್ ಮೇಲೆ ಹೋಗುವ ಮುಂಬೈ ರೈಲು ಮಾರ್ಗ ಇದೇ. ಕುರ್ಡುವಾಡಿಯಲ್ಲಿ ಇಳಿದು ರಸ್ತೆಯಲ್ಲಿ ಅಕಲೂಜ್ ಸೇರಬಹುದು. ಭಿಗವಣದಲ್ಲೂ ನಿಲ್ದಾಣ ಇದೆ, ಆದರೆ ಎಲ್ಲ ಗಾಡಿ ನಿಲ್ಲುವುದಿಲ್ಲ. ಸೇಡಂ, ಚಿತ್ತಾಪುರದವರು ವಾಡಿ ಮೇಲೆ ಹೋಗಬೇಕು. ಐನಾಪುರ, ಚಿಂಚೋಳಿಯಿಂದ ಹೋಗಿ ಬರಲು ಎರಡು ದಿನ ಇಟ್ಟುಕೊಳ್ಳಲೇಬೇಕು.

ವೈನ್ ರುಚಿ ನೋಡೋದು ಹೇಗೆ?

ರುಚಿ ನೋಡೋದು ಬೇರೆ, ಕುಡಿಯೋದು ಬೇರೆ. ಲೋಟದ ತಳಕ್ಕೆ ಎರಡು ಗುಟುಕಿನಷ್ಟು ಮಾತ್ರ ಹಾಕುತ್ತಾರೆ. ಮೊದಲು ಬಣ್ಣ ನೋಡಿ. ಲೋಟ ಮೆಲ್ಲಗೆ ತಿರುಗಿಸಿ ವಾಸನೆ ತಗೊಳ್ಳಿ. ಆಮೇಲೆ ಸಣ್ಣ ಗುಟುಕು ಬಾಯಿ ತುಂಬ ಆಡಿಸಿ. ಬೇಕಿದ್ದರೆ ನುಂಗಿ, ಬೇಡವಾದರೆ ಅಲ್ಲೇ ಇಟ್ಟಿರುವ ಪಾತ್ರೆಗೆ ಉಗುಳಿ. ಉಗುಳುವುದು ಅಗೌರವ ಅಲ್ಲ, ಬಲ್ಲವರು ಮಾಡೋದೇ ಅದು. ಬಿಳಿಯದನ್ನು ಮೊದಲು, ಕೆಂಪನ್ನು ಆಮೇಲೆ. ಬಾಯಿ ಒಣಗಿಸುವ ಒಗರು ಕೆಂಪು ವೈನ್‌ನ ಸಿಪ್ಪೆಯದು, ಚಹಾ ಜಾಸ್ತಿ ಕುದಿಸಿದಾಗ ಬರುತ್ತದಲ್ಲ, ಅದೇ ಥರ.

ಹುರಿದ ಮೀನಿಗೆ ತಂಪಾದ ಬಿಳಿ ವೈನ್ ಹೊಂದುತ್ತದೆ. ಹುಣಸೆ, ಖಾರ ಹಾಕಿದ ಸಾರಿಗೆ ತುಸು ಸಿಹಿ ಇರುವ ಬಿಳಿಯದು. ದಪ್ಪ ಕೆಂಪು ವೈನ್ ಖಾರದ ಜೊತೆ ಬಾಯಿ ಉರಿಸುತ್ತದೆ.

ವೈನ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ 12ರಿಂದ 14 ಪಾಲು ಮದ್ಯಸಾರ ಇರುತ್ತದೆ. ಹಣ್ಣಿನ ರಸ ಅಂತ ಹಗುರ ಮಾಡುವ ಹಾಗಿಲ್ಲ. 21 ತುಂಬದವರು, ಗರ್ಭಿಣಿಯರು, ಲಿವರ್ ತೊಂದರೆ ಇದ್ದವರು ದೂರ ಇರಬೇಕು. ಗಾಡಿ ಓಡಿಸುವವರು ಒಂದು ಗುಟುಕೂ ನುಂಗಬಾರದು. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಇದೆ. ಬಾಟಲಿ ಕೊಂಡು ರಾಜ್ಯದ ಗಡಿ ದಾಟಿಸುವ ಮುನ್ನ ಅಬಕಾರಿ ನಿಯಮ ಕೇಳಿಕೊಳ್ಳಬೇಕು.

ಐನಾಪುರ ಭಾಗಕ್ಕೆ ಇದರಿಂದ ಏನು?

ಮಳೆಗಾಲದಲ್ಲಿ ಕಾಡಿಗೆ ಬರುವ ಪ್ರವಾಸಿಗರಿಂದ ಊರಿಗೆ ಉಳಿಯೋದು ಬಹುಪಾಲು ಚಿಪ್ಸ್ ಕವರ್, ಒಡೆದ ಬಾಟಲಿ. ದುಡ್ಡು ಪೆಟ್ರೋಲ್ ಬಂಕ್‌ಗೆ ಮತ್ತು ನಗರದ ಹೋಟೆಲ್‌ಗೆ ಹೋಗುತ್ತದೆ. ಮೀನನ್ನು ಮಧ್ಯೆ ಇಟ್ಟು ಪ್ರವಾಸ ಮಾಡಿದರೆ ಲೆಕ್ಕ ಬದಲಾಗುತ್ತದೆ. ಮೀನು ಹಿಡಿಯುವ ಹಕ್ಕು ದೊಡ್ಡ ನೀರಿನಲ್ಲಿ ಮೀನುಗಾರಿಕೆ ಇಲಾಖೆಯ ಮೂಲಕ, ಸಣ್ಣ ಊರ ಕೆರೆಯಲ್ಲಿ ಗ್ರಾಮ ಪಂಚಾಯಿತಿಯ ಮೂಲಕ ಗುತ್ತಿಗೆಗೆ ಹೋಗುತ್ತದೆ. ಗುತ್ತಿಗೆ ಹಿಡಿದ ಸಹಕಾರ ಸಂಘಕ್ಕೆ ಮರಿಯ ಖರ್ಚು ಮಳೆಗಾಲದಲ್ಲಿ ಬರುತ್ತದೆ, ಗಳಿಕೆ ಬೇಸಿಗೆಗೆ. ನಡುವಿನ ತಿಂಗಳುಗಳು ಕೈ ಖಾಲಿ. ಆ ಹೊತ್ತಿಗೇ ಜನ ಪುಣೆ, ಮುಂಬೈ, ಹೈದರಾಬಾದ್ ಗಾಡಿ ಹತ್ತುತ್ತಾರೆ.

ಮರಿ ಬಿಡುವ ದಿನ ತೋರಿಸಲು, ದಾರಿ ಹೇಳಲು, ತಾಂಡಾದ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬ್ಯಾಳಿ ಹಾಕಲು, ಬೇಸಿಗೆಯಲ್ಲಿ ಬಲೆ ಎಳೆದ ದಿನ ದಂಡೆಯಲ್ಲೇ ಮೀನು ಮಾರಲು ಊರವರೇ ಬೇಕು. ಇದಕ್ಕೆ ಕಟ್ಟಡ ಬೇಡ. ಬೇಕಾದ್ದು ಮೂರು: ಮರಿ ಬಿಡುವ ದಿನ ಮತ್ತು ಬಲೆ ಎಳೆಯುವ ದಿನದ ಮುಂಗಡ ಪ್ರಕಟಣೆ, ಸ್ವಚ್ಛ ಶೌಚಾಲಯ, ಕಸ ವಾಪಸ್ ಒಯ್ಯುವ ಕಟ್ಟುನಿಟ್ಟು.

ದಂಡೆಯಲ್ಲಿ ಮೀನು ಕೊಳ್ಳುವಾಗ ನೋಡಬೇಕಾದ್ದೂ ಮೂರು. ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಾಗಿರಬೇಕು, ಬೆರಳಲ್ಲಿ ಒತ್ತಿದ ಕುಳಿ ಕೂಡಲೇ ಮೇಲೇಳಬೇಕು.

ಒಂದು ನೋಟದಲ್ಲಿ ವರ್ಷದ ಲೆಕ್ಕ

- ಜೂನ್–ಜುಲೈ: ಮರಿ ಕೇಂದ್ರದಲ್ಲಿ ಮೊಟ್ಟೆಯ ಕಾಲ. ಭೂತನಾಳ, ಹೊಸಪೇಟೆ, ಹೆಸರಘಟ್ಟ. ಹಳ್ಳದ ತಾಯಿ ಮೀನಿಗೆ ಬಿಡುವು ಕೊಡಿ.
- ಆಗಸ್ಟ್–ಅಕ್ಟೋಬರ್: ಕೆರೆ, ಜಲಾಶಯಕ್ಕೆ ಮರಿ ಬಿಡುವ ಕಾಲ. ಚಂದ್ರಂಪಳ್ಳಿ, ಎತ್ತಿಪೋತ, ಚಿಂಚೋಳಿ ಕಾಡು.
- ಅಕ್ಟೋಬರ್: ದ್ರಾಕ್ಷಿ ಚಾಟನಿ. ತೋಟದಲ್ಲಿ ನೋಡಲು ಕಡ್ಡಿ ಬಿಟ್ಟರೆ ಏನೂ ಇಲ್ಲ.
- ಡಿಸೆಂಬರ್–ಮಾರ್ಚ್: ಉಜನಿ ಹಿನ್ನೀರಿನಲ್ಲಿ ರಾಜಹಂಸ.
- ಫೆಬ್ರುವರಿ–ಮಾರ್ಚ್: ದ್ರಾಕ್ಷಿ ಕೊಯ್ಲು, ಒಣದ್ರಾಕ್ಷಿ ಶೆಡ್, ವೈನರಿ.
- ಫೆಬ್ರುವರಿ–ಮೇ: ಕೆರೆಯಲ್ಲಿ ಬಲೆ ಬೀಳುವ ಕಾಲ. ಮೀನಿನ ರುಚಿ ಊರಲ್ಲೇ.

ಎರಡೂ ಪ್ರವಾಸಕ್ಕೆ ದುಡ್ಡು, ಸಮಯ ಇಲ್ಲದವರು ಒಂದನ್ನೇ ಆರಿಸಿಕೊಳ್ಳಬೇಕಾದರೆ ಮಳೆಗಾಲದ್ದೇ ಇರಲಿ. ವೈನ್ ಬಾಟಲಿ ಯಾವ ತಿಂಗಳಲ್ಲಾದರೂ ಅಂಗಡಿಯಲ್ಲಿ ಸಿಗುತ್ತದೆ. ಚೀಲದ ಬಾಯಿ ಬಿಚ್ಚಿದಾಗ ಬೆರಳುದ್ದದ ಸಾವಿರ ಮರಿ ಒಮ್ಮೆಲೇ ಕೆರೆಗೆ ಇಳಿಯೋದನ್ನ ನೋಡಲು ವರ್ಷದಲ್ಲಿ ಒಂದೋ ಎರಡೋ ದಿನ ಮಾತ್ರ ಸಿಗುತ್ತದೆ.